ಕೆಳಗಿನ ಹೊಲದ ದುಪ್ಪಟಿ

ಇನ್ನೊಂದು ಸಲ ಹೇಳ್ಲಾ? ತಪ್ಪೆಲ್ಲ ಆ ವಿಮಾನದ್ದು ಕಣೇ, ಮ್ಯೂರಿಯಲ್! ಯುದ್ಧ ಮುಗೀತು, ವಾಯುಪಡೆಯವರು ಹಳೇ ಡಬ್ಬಾನೆಲ್ಲ ಹರಾಜಿಗಿಟ್ರು, ನಿನ್ನ ಗಂಡ ಕುಣ್ಕೊಂಡು ಹೋಗಿ ಒಂದು ತಂದ. ನಾನು ಬಡ್ಕೊಂಡೆ... ಎಡ್ಗರ್, ಜೀವ ಉಳಿಸ್ಕೊಂಡು ಬಂದಿದೀಯ, ಸಾಕು, ಇನ್ಮೇಲೆ ಟ್ರ್ಯಾಕ್ಟರ್ ಓಡಿಸು ಅಂತ. ಕೇಳಿದ್ನಾ? ಹೆತ್ತವಳ ಮಾತು ಯಾರಿಗೆ ಬೇಕು!

ಕೂತ್ಕೋ. ಕೇಕ್ ತಗೋ. ಯಾಕೆ, ಪಕ್ಕಕ್ಕೆ ಸರಿಸ್ತೀಯಾ? ವಾರಗಟ್ಟಲೆ ರೇಷನ್ ಸಕ್ಕರೆ ಕೂಡಿಟ್ಟು ಮಾಡಿದ್ದು! ಒಂಚೂರು ಒಣಗಿದೆ, ಟೀಲಿ ಅದ್ದಿಕೋ.

ಆಮೇಲೆ ಈ ನಾರ್ಫೋಕ್ ಸೀಮೆ ನೆಲ! ಆ ಪಾಟಿ ಹಿಮ ಬಿದ್ದು ಕರಗಿದೆ, ಹಸುಗಳೇ ಹೂತ್ಕೋತಿವೆ. ಅಲ್ಲಿ ವಿಮಾನದ ಚಕ್ರ ಊರಿದ್ರೆ ಮಗುಚದೆ ಇನ್ನೇನು? ಅವನ ಕಾಲು ಮುರೀತು, ಜೀವ ಉಳೀತು. ದೇವರು ದೊಡ್ಡವನು.

ಗೊತ್ತಮ್ಮ, ನಾಳೆ ನಾರಿಚ್ ಪಟ್ಟಣದಲ್ಲಿ ವಿಮಾನ ಇಲಾಖೆಯವರ ವಿಚಾರಣೆ. 'ನೆಲ ನೋಡದೆ ಇಳಿಸಿದೆ, ತಪ್ಪು ನಂದೇ' ಅಂತಾನಂತೆ. ಲೈಸೆನ್ಸು ಹೋಗುತ್ತೆ, ಕ್ಲಬ್ಬಲ್ಲಿ ಹುಡುಗರಿಗೆ ವಿಮಾನ ಕಲಿಸೋ ಕೆಲಸಾನೂ ಹೋಗುತ್ತೆ. ಅದಕ್ಕೆ ನನ್ನ ಮುಖ ಯಾಕೆ ನೋಡ್ತೀಯ?

ಅದೇನು ಚೀಲದಿಂದ ತೆಗೀತಿರೋದು... ಎಲ್ಲಿ ಸಿಕ್ತು? ಹೊಲದಲ್ಲಾ?

ಹೂಂ, ನನ್ನದೇ ದುಪ್ಪಟಿ. ಅವನು ಹೇಳಿರ್ತಾನೆ ನಿನಗೆ. ಕೆಳಗಿನ ಹೊಲದಲ್ಲಿ ಬಿಳೀ ದುಪ್ಪಟಿ ಹಾಸಿದ್ರೆ ನೆಲ ಗಟ್ಟಿಯಿದೆ, ಇಳಿ ಮಗನೇ ಅಂತ ನಮ್ಮಿಬ್ಬರ ಗುರುತು. ಆದ್ರೆ ಅವತ್ತು ಅದಕ್ಕಲ್ಲ ಕಣೇ! ಒಗೆದು ಹಾಸಿದ್ದೆ, ಅಷ್ಟೆ. ಈ ರೇಷನ್ ಸೋಪಲ್ಲಿ ಕೊಳೆ ಬಿಡುತ್ತಾ? ಹುಲ್ಲಿನ ಮೇಲೆ ಬಿಸಿಲಿಗೆ ಹಾಸಿದ್ರೇನೇ ಬಿಳುಪು ಬರೋದು...

ಗೋಡೆ ಮೇಲಿನ ಕ್ಯಾಲೆಂಡರ್‌ಗೆ ಯಾಕೆ ಬೆರಳು ತೋರಿಸ್ತೀಯ? ಬೈಯೋದಿದ್ರೆ ಬೈದ್ಬಿಡು!

...ಭಾನುವಾರ. ಹೌದು. ಅವತ್ತು ಭಾನುವಾರ. ಚರ್ಚಿಗೆ ಹೋಗೋ ದಿನ ಬಟ್ಟೆ ಒಗೆಯೋ ಹೆಂಗಸು ಈ ಊರಲ್ಲೇ ಇಲ್ಲ. ನಾನಂತೂ ಜನ್ಮದಲ್ಲಿ ಒಗೆದಿಲ್ಲ.

ಆ ಕೇಕ್ ನೋಡ್ಬೇಡ! ನೋಡ್ಬೇಡ ಅಂದೆ! ಮದುವೆ ಆದಾಗಿಂದ ಅವನು ಮಾಡೋದೇನು? ಮನೆ ಮೇಲೆ ಒಂದು ಸುತ್ತು, ರೆಕ್ಕೆ ಅಲ್ಲಾಡಿಸಿದ್ದಾಯ್ತು, ಬುರ್ರಂತ ನಿನ್ನ ಹತ್ರ. ನಾನು ಕೋಳಿಗಳ ಮಧ್ಯೆ ನಿಂತು ಕೈ ಬೀಸ್ಬೇಕು. ಎಷ್ಟು ಸಲ ಬೀಸ್ಲಿ, ಹೇಳು! ಅವತ್ತು ಅವನಿಗೇ ಅಂತ ಈ ಕೇಕ್ ಮಾಡಿ ದುಪ್ಪಟಿ ಹಾಸ್ದೆ, ಇಳಿದು ಒಂದು ಕಪ್ ಟೀ ಕುಡಿದು ಹೋಗ್ಲಿ ಅನ್ನಿಸ್ತು. ನೆಲ ಹಸಿಯಿತ್ತು, ಗೊತ್ತಿತ್ತು... ಇಷ್ಟೊಂದು ಅಂತ... ಅಯ್ಯೋ, ನನ್ನ ಮಗೂ...

ದುಪ್ಪಟಿ ವಿಷಯ ಆ ವಿಚಾರಣೆಯವರ ಹತ್ರ ಎತ್ತಲೇ ಇಲ್ವಾ ಅವನು? ಒಂದು ಮಾತೂ?

ಎತ್ತಲ್ಲ. ನನ್ನನ್ನ ಬಿಟ್ಕೊಡಲ್ಲ ಅವನು.

ಏಳು. ನನ್ನ ಟೋಪಿ ಕೊಡು, ನಾರಿಚ್ ಬಸ್ಸಿಗೆ ಇನ್ನೂ ಹೊತ್ತಿದೆ. ಆ ದುಪ್ಪಟೀನ ಒದ್ದೆ ಬಟ್ಟೇಲಿ ಒರೆಸೋಕೆ ಹೋಗ್ಬೇಡ, ಕೆಸರು ಹಾಗೇ ಇರ್ಲಿ. ನಾಳೆ ಅವರ ಮೇಜಿನ ಮೇಲೆ ನಾನೇ ಹಾಸ್ತೀನಿ.