ಮಸಿ ಬಳಿದ ಮುಖ

ಸುಂಟಿಕೊಪ್ಪದಲ್ಲಿ ಮಡಿಕೇರಿ ಬಸ್ಸಿಗೆ ಕಾದು ಕೂತಿದ್ದ ವಿಶಾಲಾಕ್ಷಮ್ಮನಿಗೆ ಪರರ ಜಗಳಕ್ಕೆ ಕಿವಿಗೊಡುವ ಚಟವೇನೂ ಇರಲಿಲ್ಲ. ಪಕ್ಕದಲ್ಲೇ ಕೂಗಾಡಿದರೆ ಆಕೆಯಾದರೂ ಏನು ಮಾಡಬೇಕು? ಕಾಫಿ ಕುಯ್ಯುವ ದೇವಕ್ಕಿ ಕೈಯಲ್ಲೊಂದು ಫೋಟೋ ಹಿಡಿದು ಕುದಿಯುತ್ತಿದ್ದಳು. ಎದುರಿಗೆ ಕೂಲಿಕಾರರ ಸಂಘದ ಗಂಗಣ್ಣ.

“ಏನಣ್ಣ ಇದು? ಫೋಟೋದಲ್ಲಿ ನಮ್ಮ ಹೆಂಗಸರ ಮುಖಕ್ಕೆಲ್ಲ ಮಸಿ ಬಳಿಸಿದ್ದೀರಲ್ಲ!”

“ನಿಮ್ಮ ಒಳ್ಳೇದಕ್ಕೇ ಕಣಮ್ಮ. ಎಸ್ಟೇಟಲ್ಲಿ ಹಾಜರಿ ಬರೆಯೋ ರೈಟರು ಆ ಕೂಲಿ ಮುದುಕನಿಗೆ ಹೊಡೆಯೋದು ಈ ಫೋಟೋದಲ್ಲಿ ಲೇಬರ್ ಆಫೀಸರಿಗೆ ಕಾಣ್ಬೇಕು. ಹಿಂದೆ ನಿಂತು ನೋಡಿದೋರು ಯಾರು ಅಂತ ಗೊತ್ತಾದ್ರೆ ನಿಮ್ಮನ್ನ ತೋಟದ ಕೂಲಿ ಲೈನ್‌ಮನೆಯಿಂದ ಹೊರಗೆ ಹಾಕ್ತಾರೆ.”

“ಹೊಡೆದೋನ ಮುಖ ನೋಡಿ. ಕ್ರಾಪು, ಮೀಸೆ, ಮದುವೆ ಗಂಡಿನ ಹಾಗೆ ಲಕಲಕ ಅಂತಿದೆ. ಮಸಿ ನಮಗಾ?”

“ಅದು ಮಾನ ಕಳೆಯೋ ಮಸಿ ಅಲ್ಲ ಮಾರಾಯ್ತಿ! ಗುರುತು ಸಿಗಬಾರದು ಅಂತ.”

“ನಮ್ಮತ್ತೆಗೆ ಒಂದೇ ನೋಟಕ್ಕೆ ಸಿಕ್ತು. ‘ನೀನೇನು ಕದ್ದೆ, ಮುಖಕ್ಕೆ ಮಸಿ ಬಳಿಯೋಕೆ?’ ಅಂತ ಬೆಳಗ್ಗಿಂದ ಬೈತಾ ಇದ್ದಾಳೆ.”

“ಮುಖವೇ ಇಲ್ಲ, ಹೇಗೆ ಸಿಕ್ತು?”

ದೇವಕ್ಕಿ ತಾನು ಉಟ್ಟಿದ್ದ ದೊಡ್ಡ ಚೌಕಳಿಯ ಸೀರೆಯ ಸೆರಗನ್ನು ಫೋಟೋದ ಪಕ್ಕಕ್ಕೆ ಹಿಡಿದಳು. ಅದೇ ಚೌಕಳಿ, ಹೆಗಲ ಮೇಲೆ ಅದೇ ತೇಪೆ.

“ಕೆಲಸಕ್ಕೆ ನನಗಿರೋದು ಇದೊಂದೇ. ಆ ರೈಟರು ದಿನಾ ನೋಡ್ತಾನೆ.”

ಗಂಗಣ್ಣ ಫೋಟೋ ನೋಡಿದ, ಸೆರಗು ನೋಡಿದ, ಮತ್ತೆ ಫೋಟೋ ನೋಡಿದ. ಅಷ್ಟರಲ್ಲಿ ಬಸ್ಸು ಬಂತು. ದೇವಕ್ಕಿ ಎದ್ದಳು.

“ಮಸಿ ಉಳಿದಿದ್ರೆ ಇದಕ್ಕೂ ಬಳಿಸಿಬಿಡಿ,” ಎಂದು ಸೆರಗು ಕೊಡವಿಕೊಂಡು ಬಸ್ಸು ಹತ್ತಿದಳು.