ಕಟ್ಟಿಗೆ ಸಂದಿಯ ಬೀಡಿ

...ಆಣೆ ಗೀಣೆ ಎಲ್ಲ ಬೇಡ. ಮಕ್ಕಳ ತಲೆ ಮೇಲೆ ಕೈಯಿಟ್ಟು ಬೀಡಿ ಬಿಟ್ಟವ್ರು ನೀವು, ಹೌದಲ್ಲ? ಹಂಗಾದ್ರೆ ಈ ಕಟ್ಟು ಎಲ್ಲಿಂದ ಬಂತು? ನಾನಲ್ಲ ಹುಡ್ಕಿದ್ದು. ನಿಮ್ಮವ್ವ ಒಲೆಗೆ ಕಟ್ಟಿಗೆ ಎಳೆಯೂಕೆ ಹೋದ್ರು, ಸಂದಿಯಿಂದ ಇದು ಬಿತ್ತು. "ನಾಗೀ, ನಿನ್ನ ಗಂಡ ಮತ್ತೆ ಸುರು ಮಾಡ್ದ" ಅಂತ ಎದೆ ಬಡ್ಕೊಂಡು ಭಾವನ ಮನೆಗೆ ಹೋದ್ರು. ನಾ ಎಂತ ಹೇಳ್ಲಿ? ಹೌದು ಅತ್ತೆ, ನಂಗೂ ಅನುಮಾನ ಇತ್ತು ಅಂದೆ.

ಎಂತಕ್ಕೆ ಹಂಗೆ ನೋಡ್ತ್ರಿ?

ಮಳೆಗಾಲ ಮುಗ್ದು ನಾಳೆ ದೋಣಿ ಇಳಿಸೂದು. ಹೋದ ಚಳಿಗಾಲ ತೆಂಗಿನಗುಂಡಿ ಬಂದರದ ಎದುರಿಗೇ ಬಲೆ ಎಳೀವಾಗ ಕೆಮ್ಮಿ ಕೆಮ್ಮಿ ಬಿದ್ರಲ್ಲ, ಅವತ್ತೇ ವೆಂಕಟ ಭಾವ ಹೇಳಿಬಿಟ್ರು. ಇನ್ನು ಬೀಡಿ ಮುಟ್ಟಿದ್ರೆ ಇವ ನನ್ನ ದೋಣಿ ಹತ್ತೂದು ಬೇಡ, ತಮ್ಮ ಅಂತ ನೋಡೂದಿಲ್ಲ ಅಂತ. ಭಾವ ಒಂದು ಮಾತಾಡಿದ್ರೆ ಆತು, ಮುಗೀತು. ಮನೇಲಿ ಕೂತು ಹರಕು ಬಲೆ ಹೊಲೀಬೇಕು ನೀವು.

ಎಂಟು ತಿಂಗಳು ಬಿಟ್ಟಿದ್ದು ಸುಳ್ಳು ಅಂತ ನಾ ಹೇಳೂದಿಲ್ಲ. ಮೊದಲ ವಾರ ಗಂಜಿ ಬಟ್ಲು ದೂಡಿ ಜಗಲಿಗೂ ಅಂಗಳಕ್ಕೂ ತಿರುಗ್ತಿದ್ರಿ. ಆಮೇಲೆ ಕೆಮ್ಮು ಹೋತು. ತುಂಬಿದ ಬುಟ್ಟಿ ಹೊತ್ಕೊಂಡು ಏರು ಹತ್ತಿದ್ರೂ ಈಗ ಏದುಸಿರಿಲ್ಲ. ನಾಲಿಗೆಗೆ ರುಚಿಯೂ ಬಂತು. ನಿನ್ನೆ ಶೆಟ್ಲಿ ಮೀನಿನ ಸಾರು ಬಾಯಿಗಿಟ್ಟು, ಉಪ್ಪು ಜಾಸ್ತಿ ಆತು ಅಂದ್ರಿ. ನಂಗೆ ಸಪ್ಪೆ ಅನ್ನಿಸಿ ಇನ್ನೊಂದು ಚಿಟಿಕೆ ಹಾಕಿದ್ದೆ... ಅದಿರ್ಲಿ.

ನಗು ಎಂತಕ್ಕೆ? ಉಪ್ಪಿನ ಮಾತಿಗೆ ನಗೂದಾ?

ನನ್ನ ಬೆರಳು ಎಂತಕ್ಕೆ ನೋಡೂದು? ಅರಿಶಿನ ಅದು. ಮೀನಿಗೆ ಅರಿಶಿನ ಹಚ್ಚಿದ ಕಲೆ. ಈ ಕೆಮ್ಮು... ಒಲೆ ಹೊಗೆ. ಕಟ್ಟಿಗೆ ಹಸಿ ಇತ್ತು.

ಬಯ್ಯಿ ಬೇಕಾದ್ರೆ.

ಅದೆಂತಕ್ಕೆ ಆ ಕಟ್ಟು ನಿಮ್ಮ ಸೊಂಟಕ್ಕೆ ಸಿಕ್ಕಿಸ್ಕೊಳ್ತ್ರಿ? ಭಾವ ಬರೂ ಹೊತ್ತು. ನಿಮ್ಮ ಹತ್ರ ಅದು ಕಂಡ್ರೆ...

ನಿಮ್ಗೆ ಗೊತ್ತಿತ್ತು. ಯಾವಾಗಿಂದ? ಹೇಳಿ, ಯಾವಾಗಿಂದ ಗೊತ್ತಿತ್ತು?

ಹೌದು. ನಂದೇ. ಹದಿನಾಲ್ಕು ವರ್ಷ ಜಗಲಿ ಮೇಲೆ ಕೂತು ಕೂಗಿದ್ರಿ, "ನಾಗೀ, ಒಂದು ಹಚ್ಕೊಂಡು ಬಾ." ಮಳೇಲಿ ಬೆಂಕಿಕಡ್ಡಿ ಹತ್ತೂದಿಲ್ಲ. ಒಲೆ ಕೆಂಡಕ್ಕೆ ಮುಟ್ಟಿಸಿ, ಜಗಲಿಗೆ ತರೂವರೆಗೆ ಆರ್ಬಾರ್ದು ಅಂತ ನಾನೇ ಎರಡು ದಮ್ಮು ಎಳೀತಿದ್ದೆ. ಮೊದ್ಲು ಎರಡು, ಮತ್ತೆ ನಾಲ್ಕು. ನೀವು ಬಿಟ್ರಿ, ಕೇರಿಯೆಲ್ಲ ಹೊಗಳ್ತು. ಹೊನ್ನಾವರದ ಡಾಕ್ಟ್ರು ಬೆನ್ನು ತಟ್ಟಿದ್ರು. ನೀವು ಬಿಟ್ಟ ದಿನ ಸಂಜೆಗೇ ನಾ ಜಗಲೀಲಿ ನಿಮ್ಮ ಹಳೇ ಬೀಡಿ ತುಂಡು ಹುಡ್ಕ್ದೆ. ಯಾರ ಹತ್ರ ಹೇಳ್ಲಿ? ಬಿಡೂಕೆ ಆತಿಲ್ಲ ಅಂತ ಹೇಳ್ಬೇಕಾದ್ರೆ ಸೇದ್ತೆ ಅಂತ ಮೊದ್ಲು ಹೇಳ್ಬೇಕಲ್ಲ.

ನೋಡ್ದೆ, ಮೂರು ಸಲ ಬಿಟ್ಟು ನೋಡ್ದೆ. ಕೆಂಡ ಕಂಡ್ರೆ ಸಾಕು, ಬಾಯಿ ಬೇಡ್ತದೆ. ನೀವು ಸಮುದ್ರಕ್ಕೆ ಹೋದ್ರಿ, ಪೇಟೆಗೆ ಹೋದ್ರಿ, ಮರ್ತ್ರಿ. ದಿನಕ್ಕೆ ಮೂರು ಹೊತ್ತು ಒಲೆ ಮುಂದೆ ಕೂರೂದು ಬಿಟ್ಟು ನಾ ಎಲ್ಲಿಗೆ ಹೋಗ್ಲಿ?

ಬಾಗಿಲಲ್ಲಿ ಸದ್ದು. ಬಂದ್ರು. ಕೊಡಿ ಆ ಕಟ್ಟು. ತಲೆ ಅಲ್ಲಾಡಿಸ್ಬೇಡಿ, ಕೊಡಿ ಇಲ್ಲಿ. ನಾಳೆ ದೋಣೀಲಿ ನೀವು ಇರ್ಬೇಕು.

ಭಾವಾ, ಅವ್ರಿಗೆ ಬಯ್ಬೇಡಿ. ಅತ್ತೆ, ನೀವು ಇತ್ಲಾಗೆ ಬನ್ನಿ. ನನ್ನ ಕೈ ಮೂಸಿ ನೋಡಿ.