ಐದನೇ ಮೇಜು ಬಿಡದ ಜಾಗ

ಕುಲಶೇಖರದಲ್ಲಿ ಬಸ್ಸಿಳಿದು ಒಳಗೆ ನಡೆದರೆ ಕಟ್ಟೆ ಒಡೆದ ಒಂದು ಬಾವಿ ಉಂಟು. ಮುಸ್ಸಂಜೆ ಆದ ಮೇಲೆ ಅತ್ತ ಯಾರೂ ತಲೆ ಹಾಕುವುದಿಲ್ಲ. ನಮ್ಮ ಚಿಕ್ಕಮ್ಮನ ಮಗಳು ಶಶಿಪ್ರಭಾ ಮಾತ್ರ ಅದಕ್ಕೆ ಹೆದರಿದವಳಲ್ಲ. ಆವತ್ತು ಅದರ ಪಕ್ಕದಿಂದಲೇ ಮನೆಗೆ ಓಡಿದಳು... ಬಾವಿಗೆ ಹೆದರಿ ಅಲ್ಲ. ಕದ್ರಿಯ ಆಫೀಸಿನಲ್ಲಿ ಕಂಡು ಬಂದದ್ದಕ್ಕೆ.

ಎಂಬತ್ತೊಂಬತ್ತರ ಆಟಿ ತಿಂಗಳು, ಜುಲೈ ಕಳೆಯುವ ಹೊತ್ತಿನ ಮಳೆಗಾಲ. ಆಫೀಸಿನ ಒಳಕೋಣೆಯಲ್ಲಿ ಒಂದು ದೊಡ್ಡ ಕಂಪ್ಯೂಟರ್, ಹೊರಗೆ ಐದು ಮೇಜಿನ ಮೇಲೆ ಐದು ಸಣ್ಣವು. ಮೇಜಿನವರು ಕೇಳಿದ್ದನ್ನು ದೊಡ್ಡದು ಹುಡುಕಿ ಕೊಡಬೇಕು. ಕೇಳಿದಾಗಲೆಲ್ಲ ತನ್ನ ಮೆಮೊರಿಯಲ್ಲಿ ಅವರಿಗೆಂದು ಒಂದಿಷ್ಟು ಜಾಗ ಬಿಡುತ್ತದೆ, ಕೆಲಸ ಮುಗಿದ ಮೇಲೆ ವಾಪಸು ತೆಗೆದುಕೊಳ್ಳುತ್ತದೆ. ಆ ಪ್ರೋಗ್ರಾಂ ಬರೆದವಳು ಶಶಿ. ಎಲ್ಲಿಯೋ ಜಾಗ ವಾಪಸು ಬರುತ್ತಿರಲಿಲ್ಲ. ಸೋರಿ ಸೋರಿ, ಸಂಜೆಯಾಗುವಾಗ ಯಂತ್ರ ಸ್ತಬ್ಧ.

ಧಣಿ ಚಿತ್ತರಂಜನ ಶೆಟ್ಟರು ಬೈಯಲಿಲ್ಲ. ಶನಿವಾರದೊಳಗೆ ಸರಿಯಾಗದಿದ್ದರೆ ಸೋಮವಾರ ಬರುವುದು ಬೇಡ ಎಂದರು, ಅಷ್ಟೇ. ಮನೆಯಲ್ಲಿ ಅದನ್ನೇ ಕಾಯುತ್ತಿದ್ದರು, ಮದುವೆ ಮಾಡಿ ಕಳಿಸಲು.

ಶನಿವಾರ ಎಲ್ಲರೂ ಹೋದ ಮೇಲೆ ಅವಳೂ ಪಕ್ಕದ ಮೇಜಿನ ಮಗ್ದಲೀನಳೂ ಉಳಿದರು. ಜಾಗ ಕೊಟ್ಟಾಗೊಮ್ಮೆ, ವಾಪಸು ಬಂದಾಗೊಮ್ಮೆ ಮೇಜಿನ ನಂಬರು ಪ್ರಿಂಟರಿನಲ್ಲಿ ಬೀಳುವ ಹಾಗೆ ಶಶಿ ಮಾಡಿಟ್ಟಿದ್ದಳು. ಹೊರಗಿನ ಯಂತ್ರಗಳನ್ನೆಲ್ಲ ಆಫ್ ಮಾಡಿ, ಒಳಕೋಣೆಯ ಬಾಗಿಲು ತೆರೆದಿಟ್ಟು ದೊಡ್ಡದರ ಎದುರು ಕಾದು ಕೂತರು.

ಕ್ರ್ರೀಕ್... ಐದು, ಕೊಟ್ಟಿದೆ.

ಕ್ರ್ರೀಕ್... ಐದು, ಕೊಟ್ಟಿದೆ.

"ಐದರಲ್ಲಿ ಯಾರು ಉಂಟು?" ಮಗ್ದಲೀನ್ ಪಿಸುಗುಟ್ಟಿದಳು.

ಯಾರೂ ಇರಲಿಲ್ಲ. ಅದು ವಾರಿಜಾಕ್ಷಿಯ ಮೇಜು. ಜೂನಿನಲ್ಲಿ ಕೆಲಸದ ನಡುವೆಯೇ ತಲೆ ತಿರುಗಿ ಬಿದ್ದವಳನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಅಲ್ಲಿಯೇ ತೀರಿಕೊಂಡಳು. ಅಂದಿನಿಂದ ಆ ಯಂತ್ರಕ್ಕೆ ಬಟ್ಟೆ ಮುಚ್ಚಿತ್ತು. ವಯರನ್ನೂ ಕಿತ್ತು ಸುತ್ತಿಟ್ಟಿದ್ದರು.

ಐದಕ್ಕೆ ಕೊಟ್ಟ ಜಾಗವನ್ನೆಲ್ಲ ಒಮ್ಮೆಗೇ ಕಿತ್ತುಕೊಳ್ಳುವ ಕಮಾಂಡ್ ಕೊಟ್ಟಳು ಶಶಿ. ಕೊಟ್ಟದ್ದೇ ತಡ, ಪ್ರಿಂಟರ್ ಉಸಿರು ಬಿಡದೆ ಕಿರುಚತೊಡಗಿತು. ಐದು... ಐದು... ಐದು... ಕಾಗದ ಸರಸರ ಎಂದು ನೆಲಕ್ಕೆ ರಾಶಿ ಬಿತ್ತು.

"ಸ್ವಿಚ್ ತೆಗಿ ಮಾರಾಯ್ತಿ..."

ಶಶಿಯ ಕೈ ಸ್ವಿಚ್ಚಿನ ತನಕ ಹೋಗಿ ನಿಂತಿತು. ಆಟಿ ಬಂದರೆ ಮನೆಯಲ್ಲಿ, ತೀರಿಹೋದ ಹಿರಿಯರಿಗೆಂದು ಎಲೆ ಹಾಕಿ ಬಡಿಸಿ, ಬಾಗಿಲೆಳೆದು ಎಲ್ಲರೂ ಹೊರಗೆ ಕೂರುತ್ತಾರೆ. ಎಲೆ ತೆಗೆಯುವ ಮೊದಲು ಅಜ್ಜಿ ಬಾಗಿಲಲ್ಲಿ ನಿಂತು, ಊಟ ಆಯ್ತಾ ಎಂದು ಕೇಳುತ್ತಾರೆ. ಕೇಳದೆ ತೆಗೆದರೆ ಉಣ್ಣುತ್ತಿದ್ದವರನ್ನು ಎಬ್ಬಿಸಿದ ಹಾಗೆ. ತಾನು ಈಗ ಮಾಡಿದ್ದು ಅದೇ ಅಲ್ಲವಾ...

ಕೈ ಹಿಂದೆ ತೆಗೆದಳು. ಆ ಮೇಜಿನ ಕಡೆ ನೋಡುವ ಧೈರ್ಯ ಬರಲಿಲ್ಲ. ಗೋಡೆ ನೋಡಿಕೊಂಡೇ ಕೇಳಿದಳು.

"ವಾರಿಜಕ್ಕ... ನಿಮ್ಮದು ಆಯ್ತಾ? ತೆಗೀಲಾ?"

ಪ್ರಿಂಟರ್ ನಿಂತಿತು. ಫ್ಯಾನಿನ ಗರ್ ಗರ್ ಬಿಟ್ಟರೆ ಬೇರೇನಿಲ್ಲ. ಆಮೇಲೆ... ಬಟ್ಟೆಯ ಅಡಿಯಲ್ಲಿ, ಟಕ್. ಒಂದೇ ಒಂದು ಕೀ.

ಕ್ರ್ರೀಕ್... ಐದು, ವಾಪಸು.

ಸೋಮವಾರ ಯಂತ್ರ ನಿಲ್ಲಲಿಲ್ಲ. ಆಮೇಲೂ ನಿಲ್ಲಲಿಲ್ಲ. ಶಶಿಯ ಕೆಲಸ ಉಳಿಯಿತು.

ಕಟ್ಟುಕತೆ ಅನ್ನಿಸಿದರೆ ಮಗ್ದಲೀನಳನ್ನು ಕೇಳಿ, ಈಗಲೂ ಅದೇ ಆಫೀಸಿನಲ್ಲಿ ಇದ್ದಾಳೆ. ಆ ಸಂಜೆ ಬಟ್ಟೆ ಸರಿಸಿ ನೋಡಿದ್ದು ಅವಳೇ. ಕೀಬೋರ್ಡಿನ ಮೇಲೆ, ಆಗಷ್ಟೇ ಕೈ ತೊಳೆದವರ ಬೆರಳಿನಿಂದ ಬಿದ್ದ ಹಾಗೆ, ನೀರಿನ ಹನಿಗಳಿದ್ದವು.